‘ಊರು ಕೇರಿ’ ಮತ್ತು ವಿದ್ಯಾರ್ಥಿನಿಲಯದ ಇತಿಹಾಸ

ಕವಿ ಸಿದ್ಧಲಿಂಗಯ್ಯನವರ (1954–2021) ಆತ್ಮಕಥನ ‘ಊರು ಕೇರಿ’ಯ ಮೊದಲ ಭಾಗವು 1990ರ ದಶಕದಲ್ಲಿ ಪ್ರಕಟವಾದಂದಿನಿಂದ ವಿಮರ್ಶಕರು ಅದರ ಹಾಸ್ಯವನ್ನೇ ಮುಖ್ಯವಾಗಿ ಮೆಚ್ಚುತ್ತ ಬಂದಿದ್ದಾರೆ. ಡಿ. ಆರ್. ನಾಗರಾಜರು ಬಡವರ ನಗೆಯಲ್ಲಿರುವ ಶಕ್ತಿಯನ್ನು ಅದರಲ್ಲಿ ಕಂಡರು. ಆ ಮಾತಿಗೆ ನಮ್ಮ ವಿರೋಧವಿಲ್ಲ. ಆದರೆ ಇತಿಹಾಸದ ಅಭ್ಯಾಸಿಗಳಾದ ನಮಗೆ ಈ ಗ್ರಂಥವು ಇನ್ನೊಂದು ಕಾರಣದಿಂದಲೂ ಬೆಲೆಯುಳ್ಳದ್ದಾಗಿದೆ. ಕಾಲೇಜು ವಿದ್ಯೆಯ ಪರಂಪರೆಯೇ ಇಲ್ಲದ ಮನೆಯಿಂದ ಬಂದ ಹುಡುಗನು ನಗರದಲ್ಲಿ ತನ್ನವರನ್ನು ಹೇಗೆ ಕಂಡುಕೊಂಡನು, ಹೇಗೆ ಮುಂದಾಳಾದನು ಎಂಬುದಕ್ಕೆ ಇದು ಒಳಗಿನವರೇ ನುಡಿದ ಸಾಕ್ಷ್ಯ.

ಇಂತಹ ಸಾಕ್ಷ್ಯದ ಕೊರತೆ ನಮ್ಮ ಸೀಮೆಯ ಇತಿಹಾಸದಲ್ಲಿ ಎದ್ದು ಕಾಣುತ್ತದೆ. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರದಿಂದ ಏಳಿಗೆ ಪಡೆದ ತೋಟದಪ್ಪನವರು (1838–1910) ರೈಲು ನಿಲ್ದಾಣದ ಬಳಿ ಛತ್ರವನ್ನು ಕಟ್ಟಿಸಿ, ವೀರಶೈವ ವಿದ್ಯಾರ್ಥಿಗಳ ವಸತಿಗೂ ಅನುಕೂಲ ಕಲ್ಪಿಸಿದರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, ತುಮಕೂರಿನಲ್ಲಿ ಪ್ರೌಢಶಾಲೆಯನ್ನು ಮುಗಿಸಿದ ತರುಣರೊಬ್ಬರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಆಶ್ರಯ ಪಡೆದದ್ದು ಆ ಛತ್ರದಲ್ಲಿಯೇ. ಅವರೇ ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು. 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆಗಳನ್ನು ನೀಡಿದರು. ಈ ದಾನಿಗಳ ಚರಿತ್ರೆ ನಮಗೆ ತಕ್ಕಮಟ್ಟಿಗೆ ತಿಳಿದಿದೆ. ಆದರೆ ಅಲ್ಲಿ ಉಂಡು, ಮಲಗಿ, ಓದಿದ ಹುಡುಗರ ಚರಿತ್ರೆಯನ್ನು ಬರೆದವರು ವಿರಳ. ಶಿಲಾಫಲಕಗಳಲ್ಲಿ ಕಟ್ಟಿಸಿದವರ ಹೆಸರುಂಟು, ವಾಸಿಸಿದವರ ಹೆಸರಿಲ್ಲ.

‘ಊರು ಕೇರಿ’ಯು ಈ ಕೊರತೆಯನ್ನು ಒಂದು ಕಡೆಯಿಂದ ತುಂಬಿಕೊಡುತ್ತದೆ. ಸಿದ್ಧಲಿಂಗಯ್ಯನವರೂ ಮಾಗಡಿ ತಾಲ್ಲೂಕಿನವರೇ; ಅವರ ಊರು ಮಂಚನಬೆಲೆ. ಎತ್ತುಗಳಂತೆ ನೊಗಕ್ಕೆ ಹೆಗಲು ಕೊಟ್ಟ ಇಬ್ಬರಲ್ಲಿ ಒಬ್ಬನು ತನ್ನ ತಂದೆಯೆಂದು ಬಾಲಕನು ಅರಿಯುವ ಪ್ರಸಂಗವು ಗ್ರಂಥದ ಮೊದಲಲ್ಲಿಯೇ ಬರುತ್ತದೆ. ಅನಂತರ ಕುಟುಂಬವು ಬೆಂಗಳೂರನ್ನು ಸೇರುತ್ತದೆ. ಹುಡುಗನಿಗೆ ಆಶ್ರಯವಾಗುವುದು, ದಲಿತ ಮಕ್ಕಳ ವಿದ್ಯೆಗಾಗಿ ದುಡಿದ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ವಿದ್ಯಾರ್ಥಿನಿಲಯ. ಒಂದೇ ತಾಲ್ಲೂಕಿನ ಇಬ್ಬರು, ಅರ್ಧ ಶತಮಾನದ ಅಂತರದಲ್ಲಿ, ಒಂದೇ ನಗರಕ್ಕೆ ವಿದ್ಯೆಯನ್ನರಸಿ ಬಂದರು. ಆದರೆ ಬೇರೆ ಬೇರೆ ಬಾಗಿಲುಗಳನ್ನು ತಟ್ಟಿದರು. ಯಾರಿಗೆ ಯಾವ ಬಾಗಿಲು ಎಂಬುದನ್ನು ಹುಟ್ಟೇ ಬಹುಮಟ್ಟಿಗೆ ಗೊತ್ತುಮಾಡಿತ್ತು. ಮೈಸೂರು ಸಂಸ್ಥಾನದಲ್ಲಿ ವಿದ್ಯಾರ್ಥಿನಿಲಯಗಳು ಬಹುಮಟ್ಟಿಗೆ ಜಾತಿಗೊಂದರಂತೆ ಬೆಳೆದವೆಂಬ ಸಂಗತಿಯು ಈ ಹೋಲಿಕೆಯಲ್ಲಿ ಸ್ಪಷ್ಟವಾಗುತ್ತದೆ.

ಹಾಗಾದರೆ ನಾಯಕತ್ವವು ಹುಟ್ಟಿದ್ದು ಎಲ್ಲಿ? ನಿಲಯದಲ್ಲಿಯೇ ಎಂದು ಒಮ್ಮೆಗೇ ಹೇಳಿಬಿಡುವುದು ಸುಲಭ. ಆದರೆ ಗ್ರಂಥವನ್ನು ಸಾವಧಾನದಿಂದ ಓದಿದರೆ ಉತ್ತರವು ಅಷ್ಟು ಸರಳವಲ್ಲ. ನಿಲಯವು ಕೊಟ್ಟದ್ದು ಹಸಿವನ್ನು ಹಂಚಿಕೊಳ್ಳುವ ಸಂಗಾತಿಗಳನ್ನು. ತಾನು ಒಂಟಿಯಲ್ಲವೆಂಬ ಧೈರ್ಯವನ್ನು. ಆ ಧೈರ್ಯವು ಮಾತಾಗಿ ಹೊರಹೊಮ್ಮಿದ್ದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ, ವಿಚಾರವಾದಿಗಳ ಕೂಟಗಳಲ್ಲಿ, ದೊಡ್ಡಬಳ್ಳಾಪುರದ ನೇಕಾರ ಮನೆತನದಿಂದ ಬಂದ ಡಿ. ಆರ್. ನಾಗರಾಜರಂತಹ ಗೆಳೆಯರ ಒಡನಾಟದಲ್ಲಿ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರ ಮಾತಿನಿಂದ ‘ಬೂಸಾ’ ಗಲಭೆ ಎದ್ದಾಗ ದಲಿತ ವಿದ್ಯಾರ್ಥಿಗಳು ಒಟ್ಟುಗೂಡಿದುದಕ್ಕೆ ನಿಲಯದ ಬಳಗವು ಬೆನ್ನೆಲುಬಾಯಿತು. ವೇದಿಕೆಯ ಅಭ್ಯಾಸವು ನಾಲಗೆಯಾಯಿತು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಹೊರಬಂದಿತು. 1988ರಲ್ಲಿ ಅವರು ವಿಧಾನ ಪರಿಷತ್ತಿನ ಸದಸ್ಯರಾದರು. ತನ್ನವರ ನಡುವೆ ಬೇರೂರಿ, ತನ್ನವರಾಚೆಗೂ ಕೈಚಾಚಬಲ್ಲವನೇ ನಾಯಕನಾಗುತ್ತಾನೆ ಎಂಬುದೇ ಈ ಗ್ರಂಥದಿಂದ ನಾವು ಪಡೆಯುವ ತೀರ್ಮಾನ.

ಗ್ರಂಥದ ಮಿತಿಯನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣವಾದೀತು. ಲೇಖಕರ ನಗೆಯು ನೋವನ್ನು ಹಗುರಗೊಳಿಸುವಂತೆಯೇ ಕೆಲವೆಡೆ ಕಾರಣಗಳನ್ನೂ ಮರೆಮಾಡುತ್ತದೆ. ನಿಲಯದ ಅನ್ನಕ್ಕೆ ಹಣ ಎಲ್ಲಿಂದ ಬರುತ್ತಿತ್ತು, ಓದನ್ನು ನಡುವೆಯೇ ಬಿಟ್ಟು ಹೋದವರ ಗತಿಯೇನಾಯಿತು ಎಂಬ ಪ್ರಶ್ನೆಗಳಿಗೆ ಪ್ರಸಂಗಗಳ ಓಟದಲ್ಲಿ ಬಿಡುವು ದೊರೆಯುವುದಿಲ್ಲ. ಮೇಲಾಗಿ ಅದು ಹುಡುಗರ ಲೋಕ. ಅದೇ ಕಾಲದಲ್ಲಿ ಅಂತಹುದೇ ಮನೆಯಿಂದ ಕಾಲೇಜಿಗೆ ಬಂದ ಹುಡುಗಿಯ ಅನುಭವವನ್ನು ನಾವು ಬೇರೆಡೆ ಅರಸಬೇಕು. ಇವು ಆತ್ಮಕಥನದ ದೋಷಗಳೆಂದಲ್ಲ. ಇತಿಹಾಸಕಾರನಿಗೆ ಅದು ಬಿಟ್ಟುಕೊಟ್ಟ ಕೆಲಸ.

ಈ ಕೆಲಸವು ನಮ್ಮ ಕಾಲೇಜುಗಳಿಗೆ ಹತ್ತಿರದ್ದಾಗಿದೆ. ಗುಬ್ಬಿಯಿಂದ ರೈಲಿನಲ್ಲಿಯೂ ಕುಣಿಗಲ್ಲಿನಿಂದ ಬಸ್ಸಿನಲ್ಲಿಯೂ ತುಮಕೂರಿಗೆ ದಿನವೂ ಬಂದು ಹೋಗುವ ವಿದ್ಯಾರ್ಥಿಗಳಲ್ಲಿ, ಮನೆಯಲ್ಲಿ ಮೊದಲು ಪದವಿ ತರಗತಿಗೆ ಕಾಲಿಟ್ಟವರು ಇಂದಿಗೂ ಇದ್ದಾರೆ. ಅವರಿಗೆ ನಿಲಯದ ಸಂಜೆಯಿಲ್ಲ. ಕೊನೆಯ ತರಗತಿಗೂ ಊರಿನ ಬಸ್ಸಿಗೂ ನಡುವಣ ಅಲ್ಪಾವಧಿಯೇ ಅವರ ಪಾಲಿನ ವಿದ್ಯಾರ್ಥಿಜೀವನ. ಚರ್ಚಾಕೂಟ, ಸಾಹಿತ್ಯ ಸಂಘಗಳನ್ನೆಲ್ಲ ಸಂಜೆಗೆ ಇಟ್ಟುಕೊಂಡರೆ ಈ ವಿದ್ಯಾರ್ಥಿಗಳೇ ಮೊದಲು ಹೊರಗುಳಿಯುವರು. ಅವನ್ನು ಹಗಲಿನ ವೇಳಾಪಟ್ಟಿಯೊಳಕ್ಕೆ ತರುವುದು ಅಧ್ಯಾಪಕರ ಕೈಯಲ್ಲಿದೆ. ಹಾಗೆಯೇ ನಿಲಯಗಳ ಹಳೆಯ ದಾಖಲಾತಿ ಪುಸ್ತಕಗಳನ್ನು ಕಾಪಾಡುವುದೂ, ಅಲ್ಲಿ ಓದಿ ಈಗ ವೃದ್ಧರಾಗಿರುವವರ ಹೇಳಿಕೆಗಳನ್ನು ಬರೆದಿಡುವುದೂ ಇತಿಹಾಸ ವಿಭಾಗಗಳ ಕರ್ತವ್ಯ. ಸಿದ್ಧಲಿಂಗಯ್ಯನವರು ತಮ್ಮ ಕಥೆಯನ್ನು ತಾವೇ ಬರೆದರು. ಬರೆಯದೆ ಉಳಿದವರ ಕಥೆಗೆ ನಾವಲ್ಲದೆ ಬೇರೆ ಲಿಪಿಕಾರರಿಲ್ಲ.