ಘಟ್ಟದ ಮಳೆಗೆ ಎಷ್ಟುದ್ದದ ಪಲ್ಸ್?

ಜುಲೈನಲ್ಲಿ ಪುಣೆ ಬಳಿಯ ನಿಗಡಿಯ ನಮ್ಮ ತಾರಸಿ ಹತ್ತಿದರೆ ಜಿಟಿಜಿಟಿ ಮಳೆ. ಮೋಡ ಭಕ್ತಿ-ಶಕ್ತಿ ಚೌಕದ ಧ್ವಜಸ್ತಂಭದ ತುದಿಗೇ ಇಳಿದಂತಿರುತ್ತದೆ. ಇಲ್ಲಿಂದ ದಕ್ಷಿಣಕ್ಕೆ ಸುಮಾರು 70 ಕಿ.ಮೀ. ಹೋದರೆ ಸಾತಾರಾ ಜಿಲ್ಲೆಯ ಮಾಂಢರದೇವ ಬೆಟ್ಟ. ಸಮುದ್ರಮಟ್ಟದಿಂದ 1.3 ಕಿ.ಮೀ. ಎತ್ತರದ ಆ ನೆಲೆಯಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಐಐಟಿಎಂ ಎಕ್ಸ್-ಬ್ಯಾಂಡ್ ರೇಡಾರ್ ಇಟ್ಟು ಸಹ್ಯಾದ್ರಿಯ ಮೋಡಗಳನ್ನು ಅಧ್ಯಯನ ಮಾಡಿದೆ. ಅಷ್ಟು ಎತ್ತರದಿಂದ ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣದ ನಡುಭಾಗ ನಿಗಡಿ ತಲುಪುವಷ್ಟರಲ್ಲಿ ನೆಲದಿಂದ ಒಂದೂವರೆ ಕಿ.ಮೀ.ಗೂ ಮೇಲಿರುತ್ತದೆ. ಘಟ್ಟದ ಮುಂಗಾರು ಮಳೆಯಾದರೋ ಹೆಚ್ಚಾಗಿ ಗಿಡ್ಡ ಮೋಡಗಳದ್ದು. ಇಂಥ ಕಡೆ ರೇಡಾರಿಗೆ ದೂರದೃಷ್ಟಿಗಿಂತ ಹತ್ತಿರದ ದೃಷ್ಟಿ ಮುಖ್ಯ. ಸಿಗ್ನಲ್ ಪ್ರೊಸೆಸರ್‌ನಲ್ಲಿ ಪಲ್ಸನ್ನು (ರೇಡಾರ್ ಪ್ರತಿ ಸಲ ಹೊರಬಿಡುವ ಅಲೆಯ ತುಣುಕನ್ನು) ಹೊಂದಿಸುವಾಗ ಉದ್ದವಾದದ್ದೇ ಒಳ್ಳೆಯದೆಂದು ಹಿಡಿಯುವ ರೂಢಿ ಇದಕ್ಕೆ ವಿರುದ್ಧವಾಗಿದೆ ಎನ್ನುವುದೇ ನನ್ನ ತಕರಾರು.

ರೂಢಿ ಬಂದದ್ದಕ್ಕೆ ಕಾರಣವಿದೆ. ಹಳೆಯ ಮ್ಯಾಗ್ನೆಟ್ರಾನ್, ಕ್ಲೈಸ್ಟ್ರಾನ್‌ಗಳು ಲಕ್ಷಗಟ್ಟಲೆ ವ್ಯಾಟ್ ಚಿಮ್ಮಿಸುತ್ತಿದ್ದವು. 1 ಮೈಕ್ರೋಸೆಕೆಂಡಿನ ಪಲ್ಸ್ ಸಾಕಾಗುತ್ತಿತ್ತು, 150 ಮೀಟರ್‌ ಅಂತರದ ವಿವರ ಸಿಗುತ್ತಿತ್ತು. ಸಾಲಿಡ್-ಸ್ಟೇಟ್ ಪ್ರೇಷಕಗಳ ಬಲ ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಪಲ್ಸನ್ನು, ಹೇಳೋಣ, 40 ಮೈಕ್ರೋಸೆಕೆಂಡಿಗೆ ಹಿಗ್ಗಿಸಿ, ಸೀಟಿಯ ದನಿ ಏರಿದಂತೆ ಅದರ ಆವರ್ತನವನ್ನು 3 ಮೆಗಾಹರ್ಟ್ಸ್‌ನಷ್ಟು ಏರಿಸುತ್ತಾರೆ. ಇದಕ್ಕೆ ಚಿರ್ಪ್ ಎನ್ನುತ್ತಾರೆ. ಮರಳಿ ಬಂದ ಪ್ರತಿಧ್ವನಿಯನ್ನು ಪ್ರೊಸೆಸರ್ ಕುಗ್ಗಿಸಿದಾಗ ಸುಮಾರು 50 ಮೀಟರಿನ ವಿವರ ಕೈಗೆ ಬರುತ್ತದೆ. ಸೊಗಸಾದ ವಿದ್ಯೆ, ಅನುಮಾನವಿಲ್ಲ.

ಆದರೆ ಕೂಗುತ್ತಿರುವವರೆಗೆ ರೇಡಾರಿಗೆ ಕಿವಿ ಕೇಳಿಸದು. 40 ಮೈಕ್ರೋಸೆಕೆಂಡ್ ಎಂದರೆ ಸುತ್ತಲಿನ 6 ಕಿ.ಮೀ. ಕುರುಡು. ಬಯಲಿನಲ್ಲಿ ನಡೆದೀತು, ಘಟ್ಟದಲ್ಲಿ ಅಷ್ಟರೊಳಗೆ ಒಂದು ಇಡೀ ಕಣಿವೆ ಇರುತ್ತದೆ. ಅದನ್ನು ತುಂಬಲು ಇನ್ನೊಂದು ಆವರ್ತನದಲ್ಲಿ 1 ಮೈಕ್ರೋಸೆಕೆಂಡಿನ ಗಿಡ್ಡ ಪಲ್ಸ್ ಸೇರಿಸುತ್ತಾರೆ. ಅದರಲ್ಲಿರುವುದು ಉದ್ದ ಪಲ್ಸಿನ 40ರಲ್ಲಿ ಒಂದು ಪಾಲು ಶಕ್ತಿ. 6 ಕಿ.ಮೀ. ಗೆರೆಯ ಒಳಗೆ ಸಣ್ಣ ತುಂತುರು ಮಾಯವಾಗಿ, ಹೊರಗೆ ಕಾಣಿಸಿಕೊಂಡು, ಚಿತ್ರದ ನಡುವೆ ಒಂದು ಬಳೆ ಮೂಡಬಹುದು.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಸೈಡ್‌ಲೋಬ್. ಒಗೆದ ಸೀರೆಯ ಬಣ್ಣ ಪಕ್ಕದ ಪಂಚೆಗೆ ಹತ್ತುವಂತೆ, ಜೋರು ಮಳೆಯ ಪ್ರತಿಧ್ವನಿ ಕುಗ್ಗಿಸುವಾಗ ಅಕ್ಕಪಕ್ಕದ ಖಾಲಿ ಆಕಾಶಕ್ಕೂ ಹರಡುತ್ತದೆ. ಅಂಚು ನಯಗೊಳಿಸದ ಸರಳ ಚಿರ್ಪ್‌ನಲ್ಲಿ ಮೊದಲ ಸೈಡ್‌ಲೋಬ್ ಶಿಖರಕ್ಕಿಂತ 13 ಡೆಸಿಬೆಲ್ ಮಾತ್ರ ಕೆಳಗೆ, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಬೆಟ್ಟದ ಪ್ರತಿಧ್ವನಿ ಹೀಗೆ ಹರಡಿದರೆ ಅದು ಅಲುಗದ್ದು, ಡಾಪ್ಲರ್ ಸೋಸುವಿಕೆಯಲ್ಲಿ ಬಹುಪಾಲು ಹೋಗುತ್ತದೆ. ಮಳೆಯದ್ದು ಹಾಗಲ್ಲ. ಗಾಳಿಯ ವೇಗವನ್ನೂ ಹೊತ್ತು ಬರುವುದರಿಂದ ಥೇಟ್ ನಿಜವಾದ ಮಳೆಯಂತೆಯೇ ಕಾಣುತ್ತದೆ. ಅಂಚು ತೆಳುವಾಗಿಸಿದರೆ ಇದು ತಗ್ಗುತ್ತದೆ, ಜೊತೆಗೆ ಬಲವೂ ಸೋರುತ್ತದೆ. ಆವರ್ತನವನ್ನು ಒಂದೇ ಸಮನೆ ಏರಿಸದೆ, ಅಂಚಿನಲ್ಲಿ ಬೇಗ ನಡುವೆ ನಿಧಾನ ಮಾಡುವ ಚಿರ್ಪ್ ನನ್ನ ಮಟ್ಟಿಗೆ ಮೇಲು.

ಅದೂ ಲೆಕ್ಕದಲ್ಲಿ ಬರೆದ ಪಲ್ಸನ್ನೇ ನಂಬಿದರೆ ಸಾಲದು. ಆಂಪ್ಲಿಫಯರ್ ಅದನ್ನು ತುಸು ತಿರುಚಿಯೇ ಹೊರಬಿಡುತ್ತದೆ. ಹೊರಟ ಪಲ್ಸಿನ ಮಾದರಿ ಹಿಡಿದು, ಅದರಂತೆಯೇ ಫಿಲ್ಟರ್ ಕಟ್ಟುವವರ ಕೆಲಸವನ್ನು ಮನಸಾರೆ ಮೆಚ್ಚುತ್ತೇನೆ.

ಸಹ್ಯಾದ್ರಿಗೆ ನಾನಾದರೆ 20 ಮೈಕ್ರೋಸೆಕೆಂಡ್ ಆರಿಸುತ್ತೇನೆ: ಕುರುಡು 3 ಕಿ.ಮೀ.ಗೆ ಇಳಿಯುತ್ತದೆ. ಸೆಕೆಂಡಿಗೆ 2000 ಪಲ್ಸ್ ಕಳಿಸಿದರೆ ವ್ಯಾಪ್ತಿ 75 ಕಿ.ಮೀ.ಗೆ ನಿಲ್ಲುತ್ತದೆ, ನಿಲ್ಲಲಿ. ಗಾಳಿಯ ವೇಗ ಸೆಕೆಂಡಿಗೆ ಸುಮಾರು 15 ಮೀಟರ್‌ವರೆಗೆ ಗೊಂದಲವಿಲ್ಲದೆ ಸಿಗುತ್ತದೆ. ರೇಡಾರ್ ಚಿತ್ರ ಪ್ರಕಟಿಸುವವರಲ್ಲಿ ಒಂದೇ ವಿನಂತಿ: ಮೂಲೆಯಲ್ಲಿ ಸಮಯ ಬರೆಯುವಂತೆ ಪಲ್ಸಿನ ಉದ್ದವನ್ನೂ ಚಿರ್ಪ್‌ನ ಬಗೆಯನ್ನೂ ಬರೆಯಿರಿ.