ಬಿದ್ದ ಬೆಂಕಿ, ಹಚ್ಚಿದ ಬೆಂಕಿ

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದದ್ದಕ್ಕೆ ನಾಡೆಲ್ಲ ಗಲಭೆಯಾಯಿತು. ಅವರು ಮಂತ್ರಿ ಪದವಿ ಬಿಡಬೇಕಾಯಿತು. ಅವರು ಹೇಳಿದ್ದು ಕಥೆ ಕಾವ್ಯಗಳ ಮಾತು. ಆದರೆ ಈ ನಾಡಿನಲ್ಲಿ ದಿನಾ ಬೆಳೆಯುತ್ತಿರುವ ಇನ್ನೊಂದು ಸಾಹಿತ್ಯವಿದೆ. ಅದು ಠಾಣೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಡಿ.ಸಿ. ಆಫೀಸಿನಲ್ಲಿ ಹುಟ್ಟುತ್ತದೆ. ದೂರು, ಹಿಂಬರಹ, ಮಹಜರು, ಪತ್ರಿಕಾ ಹೇಳಿಕೆ ಇವು ಅದರ ಪ್ರಕಾರಗಳು. ನಮ್ಮ ಜನರ ಸಾವು ಬದುಕು ನಿಂತಿರುವುದು ಮಹಾಕಾವ್ಯಗಳ ಮೇಲಲ್ಲ, ಈ ಕಾಗದಗಳ ಮೇಲೆ. ಇದಕ್ಕೆ ಮಾತ್ರ ವಿಮರ್ಶಕರಿಲ್ಲ. ಆ ಕೆಲಸ ನಾವೇ ಮಾಡೋಣ ಅಂತ ಕೂತಿದ್ದೇವೆ.

ಕೇರಿಯಲ್ಲಿ ಮೊದಲು ಡಿಗ್ರಿ ಮಾಡಿದವರಿಗೆ ನೌಕರಿ ಸಿಗುತ್ತೋ ಇಲ್ಲವೋ, ಅರ್ಜಿ ಬರೆಯುವ ಕೆಲಸ ಅಂತೂ ಸಿಗುತ್ತದೆ. ಹಾಗೇ ಒಮ್ಮೆ ನಮ್ಮತ್ತೆಯ ಜೊತೆ ಒಂದು ಠಾಣೆಗೆ ಹೋದೆವು. ಊರ ಮುಂದಿನ ತೊಂಬೆ ನಲ್ಲಿಗೆ ಕೊಡ ಹಿಡಿದಳು ಅನ್ನೋದು ಅವಳ ತಪ್ಪು. ಅತ್ತೆ ಹೇಳಿದಳು: 'ಬುದ್ಧಿ, ಅವ್ನು ಬಂದ. ನನ್ ಕೊಡ ಒದ್ದ. ಮುಡಿ ಹಿಡ್ದು ಎಳ್ದ. ಜಾತಿ ಎತ್ತಿ ಬೈದ.' ಸಾಹೇಬರು, 'ಊರಲ್ಲಿ ಬಾಳಬೇಕಲ್ವೇನಮ್ಮ, ರಾಜಿ ಆಗ್ಬಿಡಿ' ಅಂದರು. ಅತ್ತೆ ಒಪ್ಪಲಿಲ್ಲ. ಕೊನೆಗೆ ರೈಟರ್ ಏನೋ ಬರೆದ, ಅತ್ತೆ ಹೆಬ್ಬೆಟ್ಟು ಒತ್ತಿದಳು. ಓದು ಬಲ್ಲ ನಾವು ಪಕ್ಕದಲ್ಲೇ ಇದ್ದೆವು. ಓದಿ ಹೇಳಿ ಅಂತ ಕೇಳಲಿಲ್ಲ. ಆಮೇಲೆ ಪ್ರತಿ ಕೈಗೆ ಬಂದಾಗ ನೋಡಿದರೆ, 'ನೀರಿನ ವಿಚಾರವಾಗಿ ಮಾತಿಗೆ ಮಾತು ಬೆಳೆದು ಜಗಳ ಉಂಟಾಗಿರುತ್ತದೆ' ಅಂತಿತ್ತು. ಒದ್ದವನಿಲ್ಲ, ಎಳೆದವನಿಲ್ಲ, ಬೈದವನಿಲ್ಲ. ಸಂಜೆಯೊಳಗೆ ನಮ್ಮ ಮೇಲೊಂದು ಪ್ರತಿದೂರು ಬಿತ್ತು. ಅದರಲ್ಲಿ ಮಾತ್ರ ನಮ್ಮೆಲ್ಲರ ಹೆಸರು, ತಂದೆ ಹೆಸರು, ಜಾತಿ ಎಲ್ಲ ಚೊಕ್ಕಟವಾಗಿದ್ದವು.

ಈ ಸಾಹಿತ್ಯದ ವ್ಯಾಕರಣ ಇಷ್ಟೇ: ಕರ್ತೃವನ್ನು ತೆಗೆದುಹಾಕುವುದು. ಇಲ್ಲಿ ಬೆಂಕಿ ಬೀಳುತ್ತದೆ, ಯಾರೂ ಹಚ್ಚುವುದಿಲ್ಲ. ಗಲಾಟೆ ಆಗುತ್ತದೆ, ಯಾರೂ ಹೊಡೆಯುವುದಿಲ್ಲ. ಬಹಿಷ್ಕಾರ 'ಕಂಡುಬಂದಿರುವುದಿಲ್ಲ'. ಶಾಂತಿ ಸಭೆಯಲ್ಲಿ ಹೊಡೆದವನಿಗೂ ಹೊಡೆಸಿಕೊಂಡವನಿಗೂ ಒಂದೇ ಉಪದೇಶ. ಕೊನೆಗೆ ಹೇಳಿಕೆ ಬರುತ್ತದೆ: 'ಪರಿಸ್ಥಿತಿ ಹತೋಟಿಯಲ್ಲಿದೆ.' ಯಾರ ಹತೋಟಿಯಲ್ಲಿ ಅಂತ ಅದರಲ್ಲಿ ಇರುವುದಿಲ್ಲ. ಅದು ಕೇರಿಗೆ ಗೊತ್ತಿದೆ.

ಇದು ಬರೀ ಮಾತಿನ ತಕರಾರು ಅನ್ನುವವರು ಕಂಬಾಲಪಲ್ಲಿಯನ್ನು ನೆನೆಯಲಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ 7 ಮಂದಿ ದಲಿತರನ್ನು ಜೀವಂತ ಸುಟ್ಟರು. ಮಂತ್ರಿಗಳು ಬಂದರು, ಪರಿಹಾರ ಬಂತು. ಸಾಕ್ಷಿಗಳು ಪ್ರತಿಕೂಲರಾದರು. 2006ರಲ್ಲಿ ಕೋರ್ಟು ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ದಾಖಲೆಯಲ್ಲಿ ನಿಜ. ಕೊಂದವರು ಮಾತ್ರ ಯಾರೂ ಇಲ್ಲ. 'ಸಾಕ್ಷಿಗಳು ಪ್ರತಿಕೂಲರಾದರು' ಅನ್ನುವ ವಾಕ್ಯವನ್ನೂ ನಿಲ್ಲಿಸಿ ನೋಡಬೇಕು. ಕಂಡವರು ಯಾಕೆ ಬಾಯಿ ಕಟ್ಟಿಕೊಂಡರು? ಆರು ವರ್ಷ ಅವರು ಯಾರ ಹೊಲದಲ್ಲಿ ಕೂಲಿ ಮಾಡಿ ಉಣ್ಣಬೇಕಿತ್ತು? ಅವರನ್ನು ಕಾಯಬೇಕಾದವರು ಎಲ್ಲಿದ್ದರು?

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ಕೇರಿಗೆ ನುಗ್ಗಿ ಹೊಡೆದು ಗುಡಿಸಲು ಸುಟ್ಟವರ ಪೈಕಿ 98 ಮಂದಿಗೆ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಕರ್ತೃಗಳಿಗೆ ಹೆಸರು ಸಿಕ್ಕಿತು. ಸಿಗಲು 10 ವರ್ಷ ಹಿಡಿಯಿತು. ಮರುತಿಂಗಳೇ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನೂ ಸಿಕ್ಕಿತು.

ಕಾನೂನು ಇಲ್ಲದೆ ಹೀಗಾಗುತ್ತಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಂ ಕರ್ತವ್ಯವನ್ನು ಬೇಕೆಂದೇ ಕಡೆಗಣಿಸಿದ ಸರ್ಕಾರಿ ನೌಕರನಿಗೆ 6 ತಿಂಗಳಿಂದ 1 ವರ್ಷ ಜೈಲು ಎನ್ನುತ್ತದೆ. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಕರ್ತವ್ಯಗಳನ್ನು ಎಣಿಸಿ ಹೇಳಿದೆ: ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡ ಮೇಲೆ, ಸಹಿ ಹಾಕಿಸುವ ಮೊದಲು, ಹೇಳಿದವರಿಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಆದರೆ ಆ ನೌಕರನ ಮೇಲೆ ಕೇಸಾಗಬೇಕಾದರೆ ಆಡಳಿತದವರೇ ವಿಚಾರಣೆ ನಡೆಸಿ ಶಿಫಾರಸು ಮಾಡಬೇಕು. ಹೊಲ ಮೇಯ್ದ ಬೇಲಿಗೆ ಪಂಚಾಯ್ತಿ ಮಾಡೋದೂ ಬೇಲಿಯೇ.

ಇಷ್ಟೆಲ್ಲ ಅಂದ ಮೇಲೆ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕು. ಘಟನೆಯಾದ ಮಾರನೆ ದಿನ ನಾವು ಪದ್ಯ ಬರೆಯುತ್ತೇವೆ. ಅದರಲ್ಲಿ ಬೆಂಕಿ, ನೆತ್ತರು, ಸೂರ್ಯ ಎಲ್ಲ ಇರುತ್ತವೆ. ಹಚ್ಚಿದವನು ಅಲ್ಲೂ ಇರುವುದಿಲ್ಲ. ಸಭೆಯಲ್ಲಿ ಓದಿ ಚಪ್ಪಾಳೆ ತಗೊಂಡು ಮನೆಗೆ ಹೋಗುತ್ತೇವೆ. ಐದಾರು ವರ್ಷ ಕಳೆದು ಸಾಕ್ಷಿ ಹೇಳುವ ದಿನ ಬರುತ್ತದಲ್ಲ, ಅವತ್ತು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಆ ಹೆಂಗಸು ಒಬ್ಬಳೇ ನಿಂತಿರುತ್ತಾಳೆ. ಎದುರಿನ ಟೀ ಅಂಗಡಿಯಲ್ಲಿ ಅವರ ಕಡೆಯವರು ಹತ್ತು ಜನ ಇರುತ್ತಾರೆ. ನಮ್ಮಲ್ಲಿ ಒಬ್ಬ ಕವಿಯೂ ಇರುವುದಿಲ್ಲ. ಅವಳು ಪ್ರತಿಕೂಲಳಾದರೆ ಅದರಲ್ಲಿ ನಮ್ಮ ಪಾಲೂ ಇದೆ.

ಬರೆಯಲು ಬಲ್ಲವರು ಇನ್ನು ಮುಂದೆ ಇದನ್ನೂ ಸಾಹಿತ್ಯದ ಕೆಲಸ ಅಂದುಕೊಳ್ಳೋಣ. ಕೇರಿಯವರ ಜೊತೆ ಠಾಣೆಗೆ ಹೋಗೋಣ. ಹೆಬ್ಬೆಟ್ಟಿಗೆ ಮಸಿ ತಾಗುವ ಮುಂಚೆ ಅವರ ಕೈ ಹಿಡಿದು ನಿಲ್ಲಿಸಿ ಕೇಳೋಣ: 'ಓದಿ ಹೇಳಿ ಸಾರ್. ಅವ್ನು ಒದ್ದ ಅನ್ನೋದು ಎಲ್ಲಿ ಬರ್ದಿದೀರಿ, ತೋರ್ಸಿ.'