ಬರೆದವಳು ಯಾರೆಂದು ಕೇಳುವ ಮೊದಲು

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಆನಂದಪುರ ಸಿಗುತ್ತದೆ. ಊರಿಗೆ ಹತ್ತಿರದ ಮಲಂದೂರಿನಲ್ಲಿ, ಮಹಾಂತಿನ ಮಠದ ಬಳಿ ಚಂಪಕ ಸರಸಿ ಎಂಬ ಕೊಳವಿದೆ. ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು ನೀರಿನವರೆಗೆ ಇಳಿಯುತ್ತದೆ, ನೀರಿನ ನಡುವೆ ಒಂದು ಪುಟ್ಟ ಗುಡಿ. ಬಹುಕಾಲ ಹೂಳು ತುಂಬಿ, ಗಿಡಗಂಟಿ ಬೆಳೆದು ಹಾಳಾಗಿದ್ದ ಈ ಕೊಳಕ್ಕೆ ನಟ ಯಶ್ ಅವರ ಯಶೋಮಾರ್ಗ ಪ್ರತಿಷ್ಠಾನ ಮತ್ತು ಜಲತಜ್ಞ ಶಿವಾನಂದ ಕಳವೆಯವರ ಕೆಲಸದಿಂದ ಮತ್ತೆ ಜೀವ ಬಂತು. ಕಟ್ಟಿದವನು ಕೆಳದಿಯ ಹಿರಿಯ ವೆಂಕಟಪ್ಪ ನಾಯಕ ಎನ್ನುತ್ತಾರೆ. ಹದಿನಾರನೆಯ ಶತಮಾನದ ಕೊನೆಯಿಂದ 1629ರವರೆಗೆ ಆಳಿದ ಅರಸು ಅವನು. ಕೊಳದ ಹೂಳನ್ನೇನೋ ಎತ್ತಿದ್ದಾರೆ. ಕೊಳದ ಜತೆಗೇ ಹೇಳುವ ಕಥೆಯ ಹೂಳು ಹಾಗೇ ಉಳಿದಿದೆ. ನಾನಿಲ್ಲಿ ವಿಮರ್ಶೆಗೆ ಎತ್ತಿಕೊಳ್ಳುತ್ತಿರುವುದು ಆ ಕಥೆಯನ್ನು, ಅದನ್ನು ಹೇಳುತ್ತ ಬಂದಿರುವ ನಮ್ಮ ರೀತಿಯನ್ನು.

ಕಥೆ ಈ ಕಡೆಯವರಿಗೆಲ್ಲ ಗೊತ್ತಿರುವುದೇ. ಅರಸು ಆನಂದಪುರದಲ್ಲಿ ಬಿಡಾರ ಹೂಡಿದ್ದಾಗ ದಿನಾ ಬೆಳಿಗ್ಗೆ ಬಾಗಿಲ ಮುಂದೆ ಒಂದು ರಂಗೋಲಿ ಕಾಣುತ್ತಿತ್ತು. ಅಂಥ ಚೆಂದದ ರಂಗೋಲಿಯನ್ನು ಅವನು ಎಲ್ಲೂ ಕಂಡಿರಲಿಲ್ಲ. ಇದು ಯಾರದು ಎಂದು ವಿಚಾರಿಸಿದ. ಚಂಪಕಾ ಎಂಬ ಹುಡುಗಿ ಎಂದರು. ಬೆಸ್ತರ ಮನೆಯವಳು ಎಂದು ಹೇಳುವವರೇ ಹೆಚ್ಚು. ಅರಸು ಮನಸೋತು ಅವಳನ್ನು ವರಿಸಿದ. ಹಿರಿಯ ರಾಣಿ ಭದ್ರಮ್ಮ ಕೊರಗಿದಳು. ಕೀಳುಜಾತಿಯವಳನ್ನು ತಂದಿದ್ದಕ್ಕೇ ರಾಜ್ಯಕ್ಕೆ ಕೇಡು ಬಂತೆಂದು ಜನ ಆಡಿಕೊಂಡರು. ಮಾತು ಕಿವಿಗೆ ಬಿದ್ದಾಗ ಚಂಪಕಾ ಹಾಲಿನಲ್ಲಿ ವಜ್ರದ ಪುಡಿ ಬೆರೆಸಿ ಕುಡಿದು ಸತ್ತಳು. ಅರಸು ಅವಳ ನೆನಪಿಗೆ ಕೊಳ ಕಟ್ಟಿಸಿದ.

ಈ ಕಥೆಯ ಮೊದಲ ನೋಟ ಅಪೂರ್ವವಾದದ್ದು. ಜಾತಿ, ಕುಲ, ರೂಪ, ಹೆಸರು ಯಾವುದೂ ತಿಳಿಯದೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯಳನ್ನು ಅವಳ ಕೆಲಸದಿಂದ ಗುರುತಿಸುತ್ತಾನೆ. ದಿನಾ ಅದೇ ಜಾಗದಲ್ಲಿ ಹೊಸ ರಂಗೋಲಿ ನೋಡಿದವನಿಗೆ ಅವಳ ಬಗ್ಗೆ ಎಷ್ಟೊಂದು ಸಂಗತಿ ತಿಳಿದಿರಬೇಕು! ಅವಳು ಬೆಳಗಾಗುವ ಮೊದಲೇ ಏಳುವವಳು. ಕೈ ನಡುಗದು. ಚುಕ್ಕಿಯಿಂದ ಚುಕ್ಕಿಗೆ ಎಳೆ ಎಳೆಯುವಾಗ ಕೊನೆಯ ತಿರುವು ಎಲ್ಲಿ ಬರಬೇಕೆಂಬುದು ಅವಳಿಗೆ ಮೊದಲೇ ಗೊತ್ತು. ಮಧ್ಯಾಹ್ನದೊಳಗೆ ತುಳಿದು ಹೋಗುವುದನ್ನೂ ನಾಳೆಗೆ ಉಳಿಯುವುದೆಂಬಷ್ಟೇ ಶ್ರದ್ಧೆಯಿಂದ ಬರೆಯುತ್ತಾಳೆ. ಒಬ್ಬರ ಗುಣ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಐತಿಹ್ಯವನ್ನು ಮೊದಲು ಕಟ್ಟಿದವರು ಯಾರೇ ಆಗಿರಲಿ, ಅವರಿಗೆ ಮನುಷ್ಯರನ್ನು ನೋಡುವ ಕಣ್ಣಿತ್ತು.

ಅಲ್ಲಿಂದ ಮುಂದೆ ಕಥೆ ತನ್ನ ಕಣ್ಣನ್ನೇ ಕಳೆದುಕೊಳ್ಳುತ್ತದೆ. ‘ಯಾರದು’ ಎಂದು ಕೇಳಿದ್ದಕ್ಕೆ ಉತ್ತರವಾಗಿ ಜಾತಿ ಬಂತು. ಮತ್ತೆ ಚಂಪಕಾ ರಂಗೋಲಿ ಬರೆದದ್ದನ್ನು ನಾನು ಕೇಳಿದ ಯಾವ ಹೇಳಿಕೆಯೂ ಹೇಳುವುದಿಲ್ಲ. ಅರಮನೆ ಸೇರಿದ ಮೇಲೆ ಅವಳ ಕೈಯಲ್ಲಿ ಹುಡಿ ಇತ್ತೋ ಇಲ್ಲವೋ ಎಂಬುದು ಕಥೆಗೆ ಬೇಡವಾಗಿದೆ. ಅವಳು ಮೊದಲು ಚೆಲುವೆ, ಆಮೇಲೆ ಕೀಳುಜಾತಿಯವಳು, ಆಮೇಲೆ ಅರಸನ ಪ್ರೇಯಸಿ, ಸತ್ತ ಮೇಲೆ ತ್ಯಾಗಮಯಿ. ನಾಲ್ಕೂ ಬೇರೆಯವರು ಅಂಟಿಸಿದ ಚೀಟಿಗಳು. ಇಡೀ ಕಥೆಯಲ್ಲಿ ಅವಳ ಬಾಯಿಂದ ಒಂದು ಮಾತಿಲ್ಲ. ಅರಸು, ರಾಣಿ, ಊರ ಜನ ಎಲ್ಲರೂ ಮಾತಾಡುತ್ತಾರೆ. ಅವಳು ಕೇಳಿಸಿಕೊಂಡು ಸಾಯುತ್ತಾಳೆ. ಕೊನೆಯ ಚೀಟಿಯೇ ಎಲ್ಲಕ್ಕಿಂತ ಅಪಾಯದ್ದು ಎಂದು ನನಗನಿಸುತ್ತದೆ. ಜನರ ನಾಲಿಗೆ ಒಬ್ಬ ಹುಡುಗಿಯನ್ನು ಕೊಂದಿದ್ದನ್ನು ‘ತ್ಯಾಗ’ ಎಂದು ಕರೆದ ಕೂಡಲೇ ಆ ನಾಲಿಗೆಗೆ ಕ್ಷಮೆ ಸಿಕ್ಕಿಬಿಡುತ್ತದೆ.

ಇದೇ ಅರಸನ ಕಾಲದಲ್ಲಿ, 1623ರ ನವೆಂಬರಿನಲ್ಲಿ, ಗೋವೆಯ ಪೋರ್ಚುಗೀಸ್ ರಾಯಭಾರಿಯ ಜತೆ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಆಗಿನ ರಾಜಧಾನಿ ಇಕ್ಕೇರಿಗೆ ಬಂದಿದ್ದ. ಅವನ ಪತ್ರಗಳಲ್ಲಿ ಭದ್ರಮ್ಮನ ವಿಷಯ ವಿವರವಾಗಿಯೇ ಬರುತ್ತದೆ. ವೆಂಕಟಪ್ಪ ನಾಯಕ ಒಬ್ಬ ಮುಸಲ್ಮಾನ ಹೆಂಗಸನ್ನು ಮೆಚ್ಚಿ, ರಾಜಧಾನಿಗೆ ದೂರವಲ್ಲದ ಒಂದು ಕೋಟೆಯಲ್ಲಿ ಗುಟ್ಟಾಗಿ ಇರಿಸಿಕೊಂಡಿದ್ದನಂತೆ. ಭದ್ರಮ್ಮನಿಗೆ ಆಗ ಮೂವತ್ತೈದು. ವಿಷಯ ತಿಳಿದವಳು, ಇನ್ನು ಮೇಲೆ ನೀನು ನನಗೆ ತಂದೆಯ ಹಾಗೆ, ನಾನು ನಿನಗೆ ಮಗಳ ಹಾಗೆ ಎಂದು ಆಣೆಯಿಟ್ಟಳು. ಅರಸು ಆ ಆಣೆಗೆ ಪರಿಹಾರವಾಗಿ ಇಪ್ಪತ್ತು ಸಾವಿರ ವರಹಕ್ಕೂ ಮಿಕ್ಕಿ ದಾನ ಕೊಡುತ್ತೇನೆಂದರೂ ಸಾಯುವವರೆಗೆ ಮಾತು ಬದಲಿಸಲಿಲ್ಲ. ಹಾಗೆಂದು ಮುನಿಸಿಕೊಂಡು ಮೂಲೆ ಸೇರಲಿಲ್ಲ. ಅವನ ಕಾಯಿಲೆಯಲ್ಲಿ ಆರೈಕೆ ಮಾಡಿದಳು, ರಾಜ್ಯದ ಕೆಲಸದಲ್ಲಿ ಸಲಹೆ ಕೊಡುತ್ತಲೇ ಇದ್ದಳು.

ದೆಲ್ಲಾ ವಾಲ್ಲೆಯ ಮುಸಲ್ಮಾನ ಹೆಂಗಸೂ ನಮ್ಮ ಚಂಪಕಾಳೂ ಒಬ್ಬಳೇ ಎಂಬ ವಾದ ನನ್ನದಲ್ಲ. ಎರಡು ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಕಾಣುವುದು ಬೇರೆ. ಊರಿನ ಕಥೆಯಲ್ಲಿ ಕೊರಗಿ ಕರಗುವ ಹಿರಿಯ ಹೆಂಡತಿಯಾಗಿ ಮಾತ್ರ ಉಳಿದ ಭದ್ರಮ್ಮ ಪರದೇಶಿಯ ಕಾಗದದಲ್ಲಿ ಒಬ್ಬ ಪೂರ್ತಿ ಹೆಂಗಸು. ಅವಳಿಗೆ ವಯಸ್ಸಿದೆ, ಛಲವಿದೆ, ರಾಜಕಾರಣದ ಬುದ್ಧಿಯಿದೆ. ಅವಳಿಗೇ ಒಂದು ಕುರುಡೂ ಇದೆ. ಗಂಡ ಬೇರೆ ಹೆಣ್ಣನ್ನು ಬಯಸಿದ್ದು ಅವಳಿಗೆ ತಡೆಯಲಾರದ ನೋವಾಗಿರಲಿಲ್ಲ. ನಮ್ಮವರಲ್ಲೇ ಒಬ್ಬಳನ್ನು ತಂದಿದ್ದರೆ ಸಹಿಸುತ್ತಿದ್ದೆ, ಮದ್ಯ ಮಾಂಸ ಮುಟ್ಟುವ ಕುಲದವಳನ್ನು ತಂದು ಮೈಲಿಗೆಯಾದೆಯಲ್ಲ ಎಂಬುದು ಅವಳ ಆಕ್ಷೇಪ. ಅಂದರೆ ಎರಡು ಹೇಳಿಕೆಯಲ್ಲೂ ಕಿರಿಯವಳ ತಪ್ಪು ಒಂದೇ, ಅವಳು ಹುಟ್ಟಿದ ಮನೆ. ಊರವರು ಬೆಸ್ತರವಳೆಂದರು, ಇಟಲಿಯವನು ಮುಸಲ್ಮಾನಳೆಂದ. ಚೀಟಿಯ ಮೇಲಿನ ಬರಹ ಬೇರೆಯಾದರೂ ಅದನ್ನು ಅಂಟಿಸಿದ ಜಾಗ ಅದೇ.

ದೆಲ್ಲಾ ವಾಲ್ಲೆ ಈ ಹೆಂಗಸಿನ ಹೆಸರನ್ನು ಬರೆಯಲಿಲ್ಲ. ಕಂಡಿರಲಿಲ್ಲ, ಹಾಗಾಗಿ ಕುಲದ ಹೆಸರೊಂದೇ ಸಾಕಾಯಿತು. ಅದೇ ಇಕ್ಕೇರಿಯಲ್ಲಿ ಅವನು ಇನ್ನೊಬ್ಬಳನ್ನು ಕಂಡ. ಗಂಡ ಸತ್ತು ಸಹಗಮನಕ್ಕೆ ಹೊರಟಿದ್ದ ಹೆಣ್ಣು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು ಕುದುರೆಯ ಮೇಲೆ ಬೀದಿಯಲ್ಲಿ ಹೋಗುತ್ತಿದ್ದಳು. ಆಮೇಲೊಂದು ದಿನ ಅವಳ ಮನೆಗೇ ಹೋಗಿ ಮಾತಾಡಿಸಿದ. ತೆಲುಗಿನವಳು, ಗಂಡ ವಾದ್ಯ ಬಾರಿಸುವವನು, ಮನೆಯಲ್ಲಿ ಚಿಕ್ಕ ಮಕ್ಕಳು. ಬೇಡ ಎಂದು ಒಪ್ಪಿಸಲು ನೋಡಿದ, ಆಗಲಿಲ್ಲ. ಹೆಸರು ಕೇಳಿ ಬರೆದುಕೊಂಡ. ಅವನ ಇಟಾಲಿಯನ್ ಕಾಗುಣಿತದಲ್ಲಿ ಇರುವುದನ್ನು ನಾವು ಜಕ್ಕಮ್ಮ ಎಂದು ಓದಬಹುದು. ಮಾತಾಡಿದ್ದರಿಂದ ಜಕ್ಕಮ್ಮ ಸಾಯಲಿಲ್ಲ ಎನ್ನುವಂತಿಲ್ಲ. ಆದರೆ ನಾನೂರು ವರ್ಷದ ಮೇಲೂ ನಮಗೆ ಅವಳು ‘ಸತಿ’ ಎಂಬ ಕಲ್ಲಾಗಿ ಅಲ್ಲ, ಮಕ್ಕಳೊಂದಿಗೆ ಮನೆಯಲ್ಲಿ ಕೂತು ಪರದೇಶಿಯ ಪ್ರಶ್ನೆಗೆ ಉತ್ತರ ಕೊಟ್ಟ ಹೆಂಗಸಾಗಿ ಸಿಗುತ್ತಾಳೆ. ಒಬ್ಬನೇ ಲೇಖಕ, ಒಂದೇ ಊರು. ಎದುರು ಕೂತು ಮಾತಾಡಿದವಳಿಗೆ ಹೆಸರು ಸಿಕ್ಕಿತು, ಕೇಳಿ ತಿಳಿದವಳಿಗೆ ಕುಲ ಸಿಕ್ಕಿತು. ಹೀಗೆ ಬರೆದವನಾದರೂ ಎಂಥವನು? ಬಾಗ್ದಾದಿನ ಮಾನಿ ಎಂಬವಳನ್ನು ಪ್ರೀತಿಸಿ ಮದುವೆಯಾಗಿ, 1621ರ ಕೊನೆಯಲ್ಲಿ ಅವಳು ಪರ್ಷಿಯಾದಲ್ಲಿ ತೀರಿಕೊಂಡಾಗ ದೇಹವನ್ನು ಕೆಡದಂತೆ ಮಾಡಿಸಿ, ರೋಮಿನಲ್ಲೇ ಮಣ್ಣು ಮಾಡಬೇಕೆಂದು ದೇಶದೇಶ ಸುತ್ತಿ ಹೊತ್ತುಕೊಂಡು ಹೋದವನು. ಬೇರೆ ಕುಲದ ಹೆಣ್ಣನ್ನು ಪ್ರೀತಿಸುವುದೆಂದರೇನೆಂದು ಅವನಷ್ಟು ತಿಳಿದವರು ಆ ದಿನ ಇಕ್ಕೇರಿಯಲ್ಲಿ ಇರಲಿಕ್ಕಿಲ್ಲ. ಅಂಥವನಿಗೂ ಕಣ್ಣಾರೆ ಕಾಣದವಳು ಬರೀ ‘ಮುಸಲ್ಮಾನ ಹೆಂಗಸು’.

ಇನ್ನು ಅರಸನ ಕಡೆ ನೋಡಿ. ವೆಂಕಟಪ್ಪ ನಾಯಕ ಲಿಂಗಾಯತ. ಶೃಂಗೇರಿ ಮಠಕ್ಕೆ ಆಸರೆಯಾಗಿ ನಿಂತ. ಭಟ್ಟೋಜಿ ದೀಕ್ಷಿತರಿಂದ ‘ತತ್ತ್ವಕೌಸ್ತುಭ’ ಎಂಬ ಅದ್ವೈತ ಗ್ರಂಥ ಬರೆಸಿದ. ವಿಶುದ್ಧ ವೈದಿಕಾದ್ವೈತ ಸಿದ್ಧಾಂತ ಪ್ರತಿಷ್ಠಾಪಕ ಎಂಬ ಬಿರುದು ಕೆಳದಿ ಅರಸರದು. ಲಿಂಗ ಕಟ್ಟಿದ ಮನೆಯವರಿಗೆ ಅದ್ವೈತದ ಬಿರುದು. ಇದನ್ನು ನಾವು ಉದಾರತೆ ಎಂದು ಹೊಗಳುತ್ತೇವೆ, ಅದು ನಿಜವೂ ಹೌದು. ಆದರೆ ಅಧಿಕಾರ ಇದ್ದವನಿಗೆ ಹಲವು ಗುರುತುಗಳನ್ನು ಏಕಕಾಲಕ್ಕೆ ಹೊರುವ ಅನುಕೂಲವಿದೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ, ಪ್ರತಿಯೊಂದೂ ಮರ್ಯಾದೆಯನ್ನು ಹೆಚ್ಚಿಸುತ್ತದೆ. ಚಂಪಕಾಳಿಗೆ ಇದ್ದದ್ದು ಒಂದೇ, ಅದನ್ನು ಅವಳು ಕಳಚುವಂತಿರಲಿಲ್ಲ. ರಾಣಿ ಎಂಬ ಪದವಿ ಬಂದರೂ ಅದರ ಕೆಳಗಿನಿಂದ ಹಳೆಯದೇ ಇಣುಕುತ್ತಿತ್ತು. ಚೀಟಿಯಾಚೆ ನೋಡಬೇಕು ಎಂದು ಎಲ್ಲರಿಗೂ ಒಂದೇ ಬುದ್ಧಿಮಾತು ಹೇಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಈಗಿನ ಕಾಲ ಈ ಕಥೆಗೆ ಸೇರಿಸಿದ್ದು ‘ಪ್ರೇಮಸ್ಮಾರಕ’ ಎಂಬ ಇನ್ನೊಂದು ಚೀಟಿ. ತಾಜ್‌ಮಹಲಿಗೆ ಹೋಲಿಸಿ, ಅದಕ್ಕಿಂತ ಮೊದಲಿನದು ಎಂದು ಹೆಮ್ಮೆಪಡುವವರಿದ್ದಾರೆ. ತಾಜ್ ಶುರುವಾದದ್ದು 1632ರಲ್ಲಿ, ಲೆಕ್ಕದಲ್ಲಿ ತಪ್ಪಿಲ್ಲ. ಹೋಲಿಕೆ ಮಾತ್ರ ಸರಿಯಲ್ಲ. ಮುಮ್ತಾಜಳನ್ನು ಅವಳ ಹುಟ್ಟಿಗಾಗಿ ಯಾರೂ ಚುಚ್ಚಿರಲಿಲ್ಲ. ಚಂಪಕ ಸರಸಿ ಪ್ರೀತಿಯ ಗುರುತಾದರೆ ಅಪರಾಧದ ಗುರುತೂ ಹೌದು. ಆ ಅರ್ಧವನ್ನು ಬಿಟ್ಟು ಹೇಳಿದರೆ ಕೊಳದ ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ಹುಡುಗ ಹುಡುಗಿಗೆ, ಇಂದೂ ಜಾತಿ ಕೇಳಿಯೇ ಹೆಣ್ಣು ಕೊಡುವ ಊರುಗಳ ನಡುವೆಯೇ ತಾವು ನಿಂತಿದ್ದೇವೆಂಬುದು ನೆನಪಾಗುವುದಾದರೂ ಹೇಗೆ?

ಇದೇ ಮಲೆನಾಡಿನ ಇನ್ನೊಂದು ಕೃತಿಯನ್ನು ಇಲ್ಲಿ ನೆನೆಯದೆ ಇರಲಾಗದು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ‘ಸಂಸ್ಕಾರ’ ಕಾದಂಬರಿ. ಸತ್ತ ನಾರಣಪ್ಪ ಬ್ರಾಹ್ಮಣನೋ ಅಲ್ಲವೋ ಎಂದು ಅಗ್ರಹಾರ ಚರ್ಚಿಸುತ್ತಿರುತ್ತದೆ, ಹೆಣ ಕೊಳೆಯುತ್ತಿರುತ್ತದೆ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ತಮ್ಮ ಮೇಲೆ ತಾವೇ ಹೊತ್ತ ಗುರುತಿನಿಂದ ಹೊರಗೆ ಬರಲು ಪಡುವ ಪಾಡನ್ನು ಕಾದಂಬರಿ ತುಂಬ ಆಳವಾಗಿ ಚಿತ್ರಿಸಿದೆ. ಜಾತ್ರೆಯ ಊಟದ ಪಂಕ್ತಿಯಲ್ಲಿ ಕೂತವರನ್ನು ಯಾರೋ ಗುರುತು ಹಿಡಿದಾಗ ಅವರು ಎದ್ದು ಹೋಗುವ ಸನ್ನಿವೇಶ, ಸ್ವಂತ ಹೆಸರೇ ಮನುಷ್ಯನಿಗೆ ಎಷ್ಟು ಭಾರವಾಗಬಲ್ಲದು ಎಂಬುದಕ್ಕೆ ನಮ್ಮ ಸಾಹಿತ್ಯದಲ್ಲೇ ದೊಡ್ಡ ಸಾಕ್ಷಿ. ಆದರೂ ಓದಿದಾಗೆಲ್ಲ ನನ್ನ ಮನಸ್ಸು ನಾರಣಪ್ಪನ ಜತೆ ಬಾಳಿದ ಚಂದ್ರಿಯ ಬಳಿ ನಿಲ್ಲುತ್ತದೆ. ಕುಂದಾಪುರದ ಈ ಹೆಣ್ಣಿಗೆ ಅಗ್ರಹಾರ ಕೊಟ್ಟ ಗುರುತು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಹೆಣದ ಸಂಸ್ಕಾರಕ್ಕೆಂದು ಅವಳು ಮೈಮೇಲಿನ ಬಂಗಾರ ಬಿಚ್ಚಿಟ್ಟಳು. ಅದರಿಂದ ಆದದ್ದು ಆಸೆಯ ಜಗಳ. ಕೊನೆಗೆ ರಾತ್ರಿ ಗಾಡಿಯ ಶೇಷಪ್ಪನ ಬಳಿ ಹೋದಳು, ಬ್ರಾಹ್ಮಣನ ಹೆಣ ಮುಟ್ಟಲು ಅವನು ಹೆದರಿದ. ಆಮೇಲೆ ಮೀನಿನ ವ್ಯಾಪಾರದ ಅಹಮದ್ ಬ್ಯಾರಿ. ಹಿಂದೊಮ್ಮೆ ಎತ್ತು ಕೊಳ್ಳಲು ನಾರಣಪ್ಪ ದುಡ್ಡು ಕೊಟ್ಟಿದ್ದನ್ನು ನೆನೆದು ಅವನು ಬಂದ. ಹೆಣ ಸುಟ್ಟು ಬೂದಿಯಾಯಿತು. ಚಂದ್ರಿ ತನ್ನ ದಾರಿ ಹಿಡಿದಳು. ಶಾಸ್ತ್ರದ ಪ್ರಶ್ನೆ ಮಾತ್ರ ಮುಂದುವರಿಯುತ್ತಲೇ ಇತ್ತು.

ಕಾದಂಬರಿಯ ನಿಜವಾದ ಸಂಸ್ಕಾರ ನಡೆದದ್ದು ಅಲ್ಲಿ, ಮತ್ತು ಅದಕ್ಕೆ ಸಿಕ್ಕಿದ್ದು ಕೆಲವೇ ಪುಟ. ಆಚಾರ್ಯರ ಒಳಗಿನ ಒಂದೊಂದು ತಳಮಳಕ್ಕೂ ಮಾತು ಕೊಟ್ಟ ಲೇಖಕರು ಚಂದ್ರಿಯ ಮನಸ್ಸಿಗೆ ಅಷ್ಟು ಜಾಗ ಕೊಡಲಿಲ್ಲ. ಇದು ಕೃತಿಯ ಕೊರತೆ ಎಂದೇ ನನ್ನ ತೀರ್ಮಾನ. ಆದರೆ ಐತಿಹ್ಯಕ್ಕಿಂತ ಕಾದಂಬರಿ ಒಂದು ಹೆಜ್ಜೆ ಮುಂದೆ ಹೋಯಿತು. ಚಂಪಕಾ ಆಡಿಕೊಳ್ಳುವವರ ಮಾತಿಗೆ ಸತ್ತಳು. ಚಂದ್ರಿ ಆ ಮಾತನ್ನು ಅಲ್ಲೇ ಬಿಟ್ಟು ಆಗಬೇಕಾದ ಕೆಲಸ ಮುಗಿಸಿದಳು.

ಚಂಪಕಾಳ ಕೈಯ ಕಡೆಗೆ ಮತ್ತೆ ಬರೋಣ, ಏಕೆಂದರೆ ಆ ಕೈ ಈ ಸೀಮೆಯಲ್ಲಿ ಇನ್ನೂ ಕೆಲಸ ಮಾಡುತ್ತಿದೆ. ಸಾಗರ, ಹೊಸನಗರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆಗೋಡೆ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಕಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಭೂಮಿ ಹುಣ್ಣಿಮೆ ಬಂದರೆ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ. ಅಳತೆಪಟ್ಟಿ ಇಲ್ಲದೆ ನೂರಾರು ನೇರ ಎಳೆಗಳನ್ನು ಒಂದಕ್ಕೊಂದು ತಾಗದಂತೆ ಎಳೆಯುವ ಆ ಹೆಂಗಸರ ಮುಂದೆ ನಿಂತವರಿಗೆ ಲೆಕ್ಕ, ಲಯ, ಸಹನೆ ಮೂರೂ ಒಟ್ಟಿಗೆ ಕಾಣುತ್ತವೆ. ಊರಿನಲ್ಲಿ ಅವರನ್ನು ಚಿತ್ತಾರಗಿತ್ತಿ ಎನ್ನುತ್ತಾರೆ. ಅದು ಕಸುಬಿಗೆ ಸಂದ ಹೆಸರು, ಗಳಿಸಿಕೊಂಡದ್ದು.

ಗೋಡೆಯಿಂದ ಕಾಗದಕ್ಕೆ, ಬಟ್ಟೆಗೆ ಬಂದು ಪಟ್ಟಣದ ಪ್ರದರ್ಶನಕ್ಕೆ ಹೋದಾಗ ಅದು ಬಹಳ ಕಡೆ ‘ದೀವರ ಜನಪದ ಕಲೆ’ ಎಂದಷ್ಟೇ ಆಗುತ್ತದೆ. ಸಮುದಾಯದ ಹೆಸರು ದೊಡ್ಡದಾಗಿ ಇರುತ್ತದೆ, ಬರೆದವಳ ಹೆಸರಿಗೆ ಜಾಗವಿಲ್ಲ. ಸಮುದಾಯಕ್ಕೆ ಸಿಗುವ ಗೌರವ ಬೇಡವೆಂದಲ್ಲ, ಅದು ಬಹಳ ತಡವಾಗಿ ಬಂದಿದೆ. ಆದರೆ ಇಬ್ಬರು ಚಿತ್ತಾರಗಿತ್ತಿಯರ ಎಳೆ ಒಂದೇ ಥರ ಇರುವುದಿಲ್ಲ. ಒಬ್ಬಳದು ಒತ್ತೊತ್ತಾಗಿ ಬಿಗಿಯಾಗಿದ್ದರೆ ಇನ್ನೊಬ್ಬಳದು ನಡುವೆ ಜಾಗ ಬಿಟ್ಟು ಉಸಿರಾಡುತ್ತದೆ. ನಗರದ ಚಿತ್ರಕಾರನ ಕ್ಯಾನ್ವಾಸಿನಲ್ಲಿ ಇಂಥ ವ್ಯತ್ಯಾಸವನ್ನು ಶೈಲಿ ಎಂದು ಗುರುತಿಸಿ ಲೇಖನ ಬರೆಯುವ ನಾವು ಇವರದ್ದನ್ನು ‘ಪರಂಪರೆ’ ಎಂದು ಒಟ್ಟಾಗಿ ಕಟ್ಟಿ ಇಟ್ಟುಬಿಡುತ್ತೇವೆ. ಹೊಗಳಿಕೆಯ ಚೀಟಿಯೂ ಮುಖ ಮುಚ್ಚಬಲ್ಲದು.

ಚಂಪಕ ಸರಸಿಯ ದಡದಲ್ಲಿ ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಆನಂದಪುರದ ಸುತ್ತಲಿನ ಹಳ್ಳಿಗಳ ಹೆಂಗಸರು ಬಂದು ರಂಗೋಲಿ, ಹಸೆ ಚಿತ್ತಾರ ಬರೆಯುವಂತಾಗಬೇಕು ಎಂಬುದು ನನ್ನ ಆಸೆ. ಸ್ಪರ್ಧೆ ಬೇಡ, ಬಹುಮಾನ ಬೇಡ. ಕೂಲಿ ಬಿಟ್ಟು ಬಂದವರಿಗೆ ದಿನದ ಸಂಬಳ ಸಿಗಲಿ. ಪ್ರತಿ ಚಿತ್ತಾರದ ಕೆಳಗೆ ಬರೆದವರು ತಮ್ಮ ಹೆಸರನ್ನು ತಮ್ಮ ಕೈಯಿಂದಲೇ ಬರೆಯಲಿ, ಅಕ್ಷರ ಬಾರದವರು ತಮಗೆ ಇಷ್ಟವಾದ ಗುರುತು ಹಾಕಲಿ. ಬಂದವರಿಗೆ ಕಥೆ ಹೇಳುವವರು ಚಂಪಕಾ ಯಾವ ಕುಲದವಳೆಂದು ಶುರುಮಾಡದೆ, ಚುಕ್ಕಿ ಇಡುವುದು ಹೇಗೆ, ಎಳೆ ತಿರುಗಿಸುವುದು ಹೇಗೆ ಎಂಬುದನ್ನು ಅಲ್ಲಿ ಬರೆಯುತ್ತ ಕೂತವರಿಂದಲೇ ಹೇಳಿಸಲಿ. ಜಾತಿಯ ಮಾತು ಬಂದೇ ಬರುತ್ತದೆ, ಬರಲೇಬೇಕು. ಜನ ಆಡಿಕೊಂಡದ್ದು, ಆ ಮಾತಿಗೆ ಒಬ್ಬಳು ಜೀವ ಬಿಟ್ಟದ್ದು, ಅರಸನಿಗೂ ಅದನ್ನು ತಡೆಯಲಾಗದ್ದು ಎಲ್ಲವನ್ನೂ ‘ತ್ಯಾಗ’ ಎಂಬ ಮಾತು ಬಳಸದೆ ಹೇಳಲಿ.